ಇಡೀ ಸಿನಿಮಾ ಬೇಡ, ಮೂರು ನಿಮಿಷ ಸಾಕು: ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಕ್ಲಾಸಿಗೆ ದೃಶ್ಯ ಆರಿಸುವುದು ಹೇಗೆ

ಶನಿವಾರ ಪ್ರೊಜೆಕ್ಟರ್ ಹಾಕಿ ಎರಡು ಗಂಟೆಯ ಇಂಗ್ಲಿಷ್ ಸಿನಿಮಾ ತೋರಿಸಿದರೆ ಮಕ್ಕಳು ಗಲಾಟೆ ಮಾಡದೆ ಕೂತು ನೋಡುತ್ತಾರೆ. ಮುಗಿದ ಮೇಲೆ ಕೇಳಿದರೆ ಕಥೆಯನ್ನು ಕನ್ನಡದಲ್ಲಿ ಚೆನ್ನಾಗಿಯೇ ಹೇಳುತ್ತಾರೆ. ಅದರಲ್ಲಿ ಬಂದ ಒಂದು ಇಂಗ್ಲಿಷ್ ವಾಕ್ಯ ಹೇಳಿ ಅಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಕಣ್ಣು ಕೊನೆಯವರೆಗೂ ನೋಡಿದೆ, ಕಿವಿ ಮೊದಲ ಹತ್ತು ನಿಮಿಷದಲ್ಲೇ ಕೈಬಿಟ್ಟಿದೆ. ಚಿತ್ರ ನೋಡಿಯೇ ಕಥೆ ಅರ್ಥವಾಗುವಾಗ ಅರ್ಥವಾಗದ ಮಾತಿಗೆ ಯಾರು ಕಿವಿ ಕೊಡುತ್ತಾರೆ?

ಇದರ ಹಿಂದೆ ಒಂದು ಲೆಕ್ಕವೂ ಇದೆ. ಸ್ಟುವರ್ಟ್ ವೆಬ್ ಮತ್ತು ಮೈಕೆಲ್ ರಾಜರ್ಸ್ ಎಂಬ ಸಂಶೋಧಕರು 318 ಸಿನಿಮಾಗಳ ಸಂಭಾಷಣೆ ಇಟ್ಟುಕೊಂಡು ಪದಗಳನ್ನು ಎಣಿಸಿ 2009ರಲ್ಲಿ ಪ್ರಕಟಿಸಿದ್ದರು. ನೂರು ಪದಕ್ಕೆ ಸುಮಾರು 95 ಗೊತ್ತಿರಬೇಕಾದರೆ, ವ್ಯಕ್ತಿ ಮತ್ತು ಊರುಗಳ ಹೆಸರು ಬಿಟ್ಟು, 3000 ಪದಕುಟುಂಬ ತಿಳಿದಿರಬೇಕು ಎಂದು ಅವರ ಎಣಿಕೆ ಹೇಳುತ್ತದೆ. ವರ್ಕ್, ವರ್ಕ್ಸ್, ವರ್ಕ್ಡ್, ವರ್ಕರ್ ಎಲ್ಲ ಸೇರಿದರೆ ಒಂದು ಕುಟುಂಬ. ಕನ್ನಡ ಮಾಧ್ಯಮದ ಎಂಟನೇ ತರಗತಿಯ ಸಾಮಾನ್ಯ ವಿದ್ಯಾರ್ಥಿಯ ಹತ್ತಿರ ಅಷ್ಟು ಬಂಡವಾಳ ಇರುವುದಿಲ್ಲ. ಅದು ಬರುವವರೆಗೆ ಸಿನಿಮಾ ತೋರಿಸಬಾರದು ಅಂತಲ್ಲ. ಸಿನಿಮಾ ಆರಿಸುವುದನ್ನು ಬಿಟ್ಟು ದೃಶ್ಯ ಆರಿಸಬೇಕು, ಅಷ್ಟೇ.

ಇಲ್ಲಿರುವ ಅಳತೆಗಳೆಲ್ಲ ಇಂಥ ಕ್ಲಾಸಿಗೆ: 8ರಿಂದ 10ನೇ ತರಗತಿ, 40 ನಿಮಿಷದ ಪಿರಿಯಡ್, ಕೋಣೆಯಲ್ಲಿ 40–50 ಮಕ್ಕಳು, ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಅಥವಾ ದೊಡ್ಡ ಟೀವಿ. ಪಿಯುಸಿ ಮಕ್ಕಳಿಗಾದರೆ ವೇಗ, ಉದ್ದ ಎರಡನ್ನೂ ಸ್ವಲ್ಪ ಹೆಚ್ಚಿಸಿಕೊಳ್ಳಿ.

ಮೊದಲು ಕೆಲಸ ಗೊತ್ತು ಮಾಡಿ

ದೃಶ್ಯ ಹುಡುಕುವ ಮೊದಲೇ ಒಂದು ಚೀಟಿಯಲ್ಲಿ ಒಂದೇ ಸಾಲು ಬರೆದುಕೊಳ್ಳಿ: ಇದನ್ನು ನೋಡಿದ ಮೇಲೆ ಮಕ್ಕಳು ಇಂಗ್ಲಿಷಿನಲ್ಲಿ ಏನು ಮಾಡಬೇಕು? "ಲಿಸನಿಂಗ್ ಸುಧಾರಿಸಬೇಕು" ಎಂಬುದು ಕೆಲಸವಲ್ಲ. "ನಡೆದದ್ದನ್ನು ಪಾಸ್ಟ್ ಟೆನ್ಸಿನಲ್ಲಿ ಐದು ವಾಕ್ಯ ಹೇಳಬೇಕು", "ಮುಂದೇನಾಗುತ್ತದೆ ಎಂದು ವಿಲ್ ಬಳಸಿ ಊಹಿಸಬೇಕು", "ಇಬ್ಬರಲ್ಲಿ ಯಾರು ಸರಿ, ಯಾಕೆ ಎಂದು ಬಿಕಾಸ್ ಹಾಕಿ ಹೇಳಬೇಕು" ಇವು ಕೆಲಸ. ಕೆಲಸ ಖಚಿತವಾಗಿದ್ದರೆ ಹುಡುಕಾಟ ಅರ್ಧ ಮುಗಿದ ಹಾಗೆ. ಹೇಳುವ ಕೆಲಸಕ್ಕೆ ಮಾತೇ ಇಲ್ಲದ ಚಿತ್ರ ಸಾಕು. ಕೇಳುವ ಕೆಲಸಕ್ಕೆ ಇಬ್ಬರು ನಿಧಾನವಾಗಿ ಮಾತಾಡುವ ದೃಶ್ಯ ಬೇಕು. ವಾದ ಮಾಡುವ ಕೆಲಸಕ್ಕೆ ತಪ್ಪು ಯಾರದೆಂದು ಥಟ್ಟನೆ ಹೇಳಲಾಗದ ದೃಶ್ಯ ಬೇಕು.

ಈ ವಯಸ್ಸಿನವರನ್ನು ಏನು ಹಿಡಿಯುತ್ತದೆ

ಹದಿಮೂರು, ಹದಿನಾಲ್ಕರ ಮಕ್ಕಳು ಎರಡನ್ನು ಕ್ಷಮಿಸುವುದಿಲ್ಲ: ತಮ್ಮನ್ನು ಎಲ್‌ಕೆಜಿಯವರಂತೆ ಕಂಡದ್ದನ್ನು, ಮಜಾ ಎಂದು ಕರೆದು ಕೊನೆಗೆ ಹತ್ತು ಮಾರ್ಕಿನ ಟೆಸ್ಟ್ ಕೊಟ್ಟದ್ದನ್ನು. ಭಾಷೆ ಸುಲಭ ಎಂಬ ಒಂದೇ ಕಾರಣಕ್ಕೆ ನರ್ಸರಿ ಹಾಡಿನ ಕಾರ್ಟೂನ್ ತಂದರೆ ಹಿಂದಿನ ಬೆಂಚು ಅವತ್ತಿಗೆ ಕಳೆದುಹೋಯಿತು ಎಂದೇ ತಿಳಿಯಿರಿ. ಅನಿಮೇಷನ್ ಎಂದರೆ ಮೂಗು ಮುರಿಯುತ್ತಾರೆ ಅಂತೇನಿಲ್ಲ. ಕಥೆ ಅವರ ವಯಸ್ಸಿನದಾಗಿರಬೇಕು, ಚಿತ್ರದ ಶೈಲಿ ಯಾವುದಾದರೂ ನಡೆಯುತ್ತದೆ.

ಈ ವಯಸ್ಸನ್ನು ಹಿಡಿಯುವ ಸಂಗತಿಗಳು ಹೆಚ್ಚು ಕಡಿಮೆ ಎಲ್ಲ ಊರಲ್ಲೂ ಒಂದೇ. ಮಾಡದ ತಪ್ಪಿಗೆ ಶಿಕ್ಷೆ, ದೊಡ್ಡವರಿಂದ ಮುಚ್ಚಿಟ್ಟ ಗುಟ್ಟು, ಸ್ನೇಹಿತ ಕೈಕೊಟ್ಟದ್ದು, ಬಲಾಢ್ಯನ ಮೇಲೆ ತೀರಿಸಿಕೊಂಡ ಸೇಡು, ಹೊಸ ಶಾಲೆಯ ಮೊದಲ ದಿನ, ಗೆಲ್ಲಲಾರದವನು ಆಡಿದ ಆಟ. ಇವುಗಳಲ್ಲಿ ಒಂದಾದರೂ ದೃಶ್ಯದಲ್ಲಿ ಇರಲಿ. ಅದಕ್ಕಿಂತ ಮುಖ್ಯವಾಗಿ, ಆ ಮೂರು ನಿಮಿಷದೊಳಗೆ ಒಂದು ಪ್ರಶ್ನೆ ಏಳಬೇಕು, ಅದಕ್ಕೆ ಉತ್ತರ ಮಾತಿನಲ್ಲಿ ಇರಬೇಕು, ಚಿತ್ರದಲ್ಲಿ ಇರಬಾರದು. ಉತ್ತರ ಚಿತ್ರದಲ್ಲೇ ಸಿಕ್ಕರೆ ಕಿವಿಗೆ ಕೆಲಸವಿಲ್ಲ. ಎಷ್ಟೇ ಹೆಸರು ಮಾಡಿದ ಸಿನಿಮಾ ಆಗಲಿ, ಈ ಗುಣ ಇಲ್ಲದ ದೃಶ್ಯ ಇಂಗ್ಲಿಷ್ ಕಲಿಸುವುದಿಲ್ಲ. ಹಿಟ್ ಸಿನಿಮಾದ ಹಿಂದೆ ಬಿದ್ದ ಬಹಳ ಟೀಚರುಗಳು ಸೋಲುವುದು ಇಲ್ಲೇ.

ಮ್ಯೂಟ್ ಮಾಡಿ ನೋಡಿ, ಕಣ್ಣು ಮುಚ್ಚಿ ಕೇಳಿ

ದೃಶ್ಯ ಸಿಕ್ಕಿತು ಅನ್ನಿ. ಮೊದಲು ಸದ್ದು ಪೂರ್ತಿ ಬಂದ್ ಮಾಡಿ ಒಮ್ಮೆ ನೋಡಿ. ಏನೂ ತಿಳಿಯದಿದ್ದರೆ, ಅಂದರೆ ಇಬ್ಬರು ಸೋಫಾದ ಮೇಲೆ ಕೂತು ಬರೀ ಮಾತಾಡುತ್ತಿದ್ದರೆ, ಬಿಟ್ಟುಬಿಡಿ. ಮಕ್ಕಳಿಗೆ ಹಿಡಿದುಕೊಳ್ಳಲು ಏನೂ ಸಿಗದು. ಎಲ್ಲವೂ ತಿಳಿದರೆ ಆ ದೃಶ್ಯ ಕಥೆ ಹೇಳಿಸಲು ಒಳ್ಳೆಯದು, ಕೇಳಿಸಲು ಪ್ರಯೋಜನವಿಲ್ಲ. ಯಾರು, ಎಲ್ಲಿ, ಯಾರಿಗೆ ಯಾರ ಮೇಲೆ ಕೋಪ ಎಂಬಷ್ಟು ತಿಳಿದು, ಯಾಕೆ ಎಂಬುದು ಮಾತ್ರ ತಿಳಿಯದಿದ್ದರೆ ಅದೇ ನಿಮಗೆ ಬೇಕಾದ ದೃಶ್ಯ.

ಎರಡನೆಯ ಸಲ ಪರದೆ ಬಿಟ್ಟು ಬರೀ ಕೇಳಿ. ಹಿನ್ನೆಲೆ ಸಂಗೀತ ಮಾತಿನ ಮೇಲೆ ಕೂತಿದೆಯೇ? ಇಬ್ಬರು ಒಟ್ಟಿಗೆ ಮಾತಾಡುತ್ತಾರೆಯೇ? ಮಳೆ, ರೈಲು, ಗುಂಡಿನ ಸದ್ದು ಇದೆಯೇ? ಲ್ಯಾಪ್‌ಟಾಪಿನ ಮುಂದೆ ಒಬ್ಬರೇ ಕೂತು ಕೇಳುವಾಗ ಇದ್ಯಾವುದೂ ತೊಂದರೆ ಅನ್ನಿಸದು. ಫ್ಯಾನ್ ತಿರುಗುವ, ಗೋಡೆ ಪ್ರತಿಧ್ವನಿಸುವ ಕೋಣೆಯಲ್ಲಿ ಕೊನೆಯ ಬೆಂಚಿಗೆ ಒಂದಕ್ಷರವೂ ಮುಟ್ಟುವುದಿಲ್ಲ. ಪಿಸುಮಾತಿನ ದೃಶ್ಯಗಳದ್ದೂ ಇದೇ ಗತಿ.

ಎಣಿಸಿಯೇ ನೋಡಬೇಕು

"ಸ್ವಲ್ಪ ಫಾಸ್ಟ್ ಇದೆ, ಪರವಾಗಿಲ್ಲ" ಎಂಬ ಅಂದಾಜು ಸಾಮಾನ್ಯವಾಗಿ ತಪ್ಪಾಗುತ್ತದೆ, ಯಾಕೆಂದರೆ ಟೀಚರ್ ಕಿವಿಗೆ ಆ ಇಂಗ್ಲಿಷ್ ಗೊತ್ತು. ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪ್ರತಿ ಸಾಲಿನ ಮೇಲೆ ಶುರುವಾಗುವ, ಮುಗಿಯುವ ಸಮಯ ಇರುತ್ತದೆ. ನಿಮ್ಮ ದೃಶ್ಯದ ಸಾಲುಗಳನ್ನು ಮಾತ್ರ ವರ್ಡ್ ಫೈಲಿಗೆ ಹಾಕಿ, ಸಮಯದ ಅಂಕಿಗಳನ್ನು ಅಳಿಸಿ, ಪದಗಳ ಎಣಿಕೆ ನೋಡಿ ನಿಮಿಷದಿಂದ ಭಾಗಿಸಿ. ಒಂದೂವರೆ ನಿಮಿಷದಲ್ಲಿ 150 ಪದ ಬಂದರೆ ನಿಮಿಷಕ್ಕೆ 100.

ಎಂಟನೆಯ ತರಗತಿಗೆ ನಿಮಿಷಕ್ಕೆ 60ರಿಂದ 100, ಹತ್ತನೆಯದಕ್ಕೆ 120ರವರೆಗೆ ನಡೆಯುತ್ತದೆ. 150 ದಾಟಿದ್ದನ್ನು ಮುಟ್ಟಬೇಡಿ. ಹೋಲಿಕೆಗೆ ಬೇಕಾದರೆ, ಇಂಗ್ಲಿಷ್ ಬಲ್ಲ ವೀಕ್ಷಕರಿಗೆಂದು ಬಿಬಿಸಿ ತನ್ನ ಸಬ್‌ಟೈಟಲಿಗೆ ಹಾಕಿಕೊಂಡಿರುವ ವೇಗ ನಿಮಿಷಕ್ಕೆ 160ರಿಂದ 180 ಪದ.

ಇನ್ನು ಹೊಸ ಪದ. ನೂರಕ್ಕೆ ಐದು ಎಂಬುದು ಒಳ್ಳೆಯ ಮಿತಿ. ಆದರೆ ಎಣಿಸುವಾಗ ಮೂರು ಗುಂಪು ಮಾಡಿ. ಚಿತ್ರವೇ ತೋರಿಸುವ ಪದ, ಉದಾಹರಣೆಗೆ ಕೈಯಲ್ಲಿ ಹಿಡಿದ ವಸ್ತುವಿನ ಹೆಸರು, ಲೆಕ್ಕಕ್ಕಿಲ್ಲ. ಗೊತ್ತಿಲ್ಲದಿದ್ದರೂ ಕಥೆ ನಿಲ್ಲದ ಪದವನ್ನು ಹಾಗೇ ಬಿಡಿ, ಮಕ್ಕಳು ಕೇಳಿದರೆ ಹೇಳಿದರಾಯಿತು. ಯಾವ ಪದ ತಿಳಿಯದೆ ದೃಶ್ಯವೇ ಅರ್ಥವಾಗದೋ ಅದನ್ನು ಮಾತ್ರ ಮೊದಲೇ ಕಲಿಸಬೇಕು. ಅಂಥವು ಎರಡು ಮೂರು ಇರಲಿ. ನಾಲ್ಕು ದಾಟಿದರೆ ಬೇರೆ ದೃಶ್ಯ ಹುಡುಕಿ. ಹನ್ನೆರಡು ಪದ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿ ಆಮೇಲೆ ಸಿನಿಮಾ ಹಾಕುವುದೆಂದರೆ ಉಪ್ಪಿನಕಾಯಿ ತಿನ್ನಿಸಿಯೇ ಹೊಟ್ಟೆ ತುಂಬಿಸಿ ಆಮೇಲೆ ಊಟಕ್ಕೆ ಕರೆದ ಹಾಗೆ.

ಎಣಿಕೆಗೆ ಸಿಕ್ಕದ ಕಷ್ಟವೂ ಇದೆ. ಗಿವ್ ಗೊತ್ತು, ಅಪ್ ಗೊತ್ತು, ಗಿವ್ ಅಪ್ ಗೊತ್ತಿಲ್ಲ. ಪುಟ್ ಅಪ್ ವಿತ್ ಅಂತೂ ಮೂರೂ ಸುಲಭದ ಪದ, ಒಟ್ಟಾದರೆ ಒಗಟು. ಗೋಯಿಂಗ್ ಟು ಎಂದು ಪುಸ್ತಕದಲ್ಲಿ ಓದಿದವರಿಗೆ ಪರದೆಯ ಮೇಲೆ ಕೇಳಿಸುವುದು ಗೊನ್ನ. ಡೋಂಟ್ ನೋ ಎಂಬುದು ಡನ್ನೋ ಆಗಿರುತ್ತದೆ. ವ್ಯಂಗ್ಯವೂ ಹೀಗೆಯೇ. ಗ್ರೇಟ್, ಥ್ಯಾಂಕ್ಸ್ ಎಂದು ಸಿಟ್ಟಿನಲ್ಲಿ ಹೇಳಿದ್ದನ್ನು ಮಕ್ಕಳು ಹೊಗಳಿಕೆ ಎಂದುಕೊಳ್ಳುತ್ತಾರೆ. ದೃಶ್ಯದ ತಿರುವು ಇಂಥ ಮಾತಿನ ಮೇಲೆ ನಿಂತಿದ್ದರೆ ವೇಗ ಎಷ್ಟೇ ಕಡಿಮೆ ಇದ್ದರೂ ಬೇಡ.

ಒಂದು ದೃಶ್ಯವನ್ನು ಹತ್ತಿರದಿಂದ

ಬ್ಲೆಂಡರ್ ಫೌಂಡೇಶನ್ 2010ರಲ್ಲಿ ಹೊರತಂದ "ಸಿಂಟೆಲ್" ಸುಮಾರು 15 ನಿಮಿಷದ ಅನಿಮೇಷನ್ ಚಿತ್ರ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಇರುವುದರಿಂದ ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ತೋರಿಸಬಹುದು, ಹೆಸರು ಹೇಳಿದರಾಯಿತು. ಹಿಮದಲ್ಲಿ ಹೊಡೆದಾಡಿ ಗಾಯಗೊಂಡ ಹುಡುಗಿಯನ್ನು ಒಬ್ಬ ಮುದುಕ ತನ್ನ ಗುಡಾರದಲ್ಲಿ ಆರೈಕೆ ಮಾಡುತ್ತಾನೆ. ಇಬ್ಬರ ಮಾತುಕತೆ ಹೆಚ್ಚು ಕಡಿಮೆ 1 ನಿಮಿಷ 47 ಸೆಕೆಂಡಿಗೆ ಶುರುವಾಗಿ 50 ಸೆಕೆಂಡಿನಲ್ಲಿ ಮುಗಿಯುತ್ತದೆ. ಎಣಿಸಿದರೆ 70ಕ್ಕೆ ಎರಡು ಮೂರು ಕಡಿಮೆ ಪದ. ಅಂದರೆ ನಿಮಿಷಕ್ಕೆ 80ರ ಆಸುಪಾಸು, ನಡುವೆ ದಂಡಿಯಾಗಿ ವಿರಾಮ.

ಮ್ಯೂಟ್ ಮಾಡಿ ನೋಡಿದರೆ ಗಾಯ, ಆಯುಧ, ಬೆಂಕಿ, ಮುದುಕನ ಗಂಭೀರ ಮುಖ ಎಲ್ಲ ಕಾಣುತ್ತದೆ. ಈ ಹುಡುಗಿ ಒಬ್ಬಳೇ ಇಲ್ಲಿಗೆ ಯಾಕೆ ಬಂದಳು ಎಂಬುದು ಮಾತ್ರ ಕಾಣುವುದಿಲ್ಲ. ಮುದುಕ ಕೇಳುವುದೂ ಅದನ್ನೇ. ಯಾರನ್ನೋ ಹುಡುಕುತ್ತಿದ್ದೇನೆ ಎನ್ನುತ್ತಾಳೆ. ಯಾರನ್ನು ಎಂಬುದಕ್ಕೆ ಉತ್ತರ ಎರಡೇ ಪದ, ಅದೂ ಎಂಟನೆಯ ತರಗತಿಯ ಯಾರಿಗಾದರೂ ಗೊತ್ತಿರುವ ಪದ: ಅ ಡ್ರಾಗನ್.

ಈಗ ಹೊಸ ಪದಗಳ ಲೆಕ್ಕ ಹಾಕಿ. ಬ್ಲೇಡ್, ಶೆಡ್, ಗೇಟ್‌ಕೀಪರ್ಸ್, ಕಿಂಡ್ರೆಡ್, ಕ್ವೆಸ್ಟ್, ಲೋನ್. ಎಪ್ಪತ್ತಕ್ಕೂ ಕಡಿಮೆ ಪದದಲ್ಲಿ ಆರು, ನೂರಕ್ಕೆ ಐದರ ಮಿತಿ ದಾಟಿತು. ಆದರೂ ಈ ದೃಶ್ಯ ಕ್ಲಾಸಿಗೆ ಆಗುತ್ತದೆ, ಯಾಕೆಂದರೆ ಬ್ಲೇಡ್ ಕಣ್ಣೆದುರೇ ಇದೆ, ಶೆಡ್, ಕಿಂಡ್ರೆಡ್, ಲೋನ್, ಗೇಟ್‌ಕೀಪರ್ಸ್ ಗೊತ್ತಿಲ್ಲದಿದ್ದರೂ ಕಥೆ ನಿಲ್ಲದು. ಮೊದಲೇ ಕೊಡಬೇಕಾದದ್ದು ಕ್ವೆಸ್ಟ್ ಮತ್ತು ಸರ್ಚಿಂಗ್ ಫಾರ್ ಎರಡೇ. ಮಿತಿಗಳನ್ನು ಹೀಗೆ ಬಳಸಬೇಕು. ಮೊದಲು ಎಣಿಸಿ, ಆಮೇಲೆ ತಲೆ ಓಡಿಸಿ.

ಐ ಆಮ್ ಸರ್ಚಿಂಗ್ ಫಾರ್ ಎಂಬ ಚೌಕಟ್ಟು ಕೈಗೆ ಸಿಕ್ಕಿತಲ್ಲ, ಅಭ್ಯಾಸ ಅಲ್ಲಿಂದಲೇ ಹುಟ್ಟುತ್ತದೆ. ಒಬ್ಬರು ಮುದುಕ, ಒಬ್ಬರು ದಾರಿಹೋಕ. ಏನು ಹುಡುಕುತ್ತಿದ್ದೇನೆ ಎಂಬುದನ್ನು ಮಕ್ಕಳೇ ಕಟ್ಟಿಕೊಳ್ಳಲಿ. ಕಳೆದುಹೋದ ಎಮ್ಮೆ, ಸೈಕಲ್ ಕೀ, ಅಣ್ಣ, ಏನು ಬೇಕಾದರೂ ಆಗಬಹುದು.

ಎರಡು ಎಚ್ಚರಿಕೆ. ಚಿತ್ರದ ಶುರುವಿನ ಹೊಡೆದಾಟದಲ್ಲಿ ಸಾವಿದೆ, ಮಾತುಕತೆಯಿಂದಲೇ ಆರಂಭಿಸಿದರೆ ಅದು ತಪ್ಪುತ್ತದೆ. ಕೊನೆ ದುಃಖದ್ದು. ಇಡೀ ಚಿತ್ರ ತೋರಿಸುವುದಾದರೆ ಬೆಲ್ ಹೊಡೆಯುವ ಹೊತ್ತಿಗೆ ಮುಗಿಸಬೇಡಿ, ಮಾತಾಡಲು ಹತ್ತು ನಿಮಿಷ ಉಳಿಸಿಕೊಳ್ಳಿ. ಆ ಹೊತ್ತಿನಲ್ಲಿ ಮಕ್ಕಳು ತಾವಾಗಿಯೇ ಮಾತಿಗೆ ಇಳಿಯುತ್ತಾರೆ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆದರೂ ತಡೆಯಬೇಡಿ.

ಎಲ್ಲಿ ಹುಡುಕಬೇಕು

ಮಾತಿಲ್ಲದ ಚಿತ್ರಗಳಿಂದ ಶುರು ಮಾಡುವುದು ಎಲ್ಲಕ್ಕಿಂತ ಸುರಕ್ಷಿತ. ಅದೇ ಬ್ಲೆಂಡರಿನ "ಬಿಗ್ ಬಕ್ ಬನ್ನಿ" (2008) ಹತ್ತು ನಿಮಿಷದೊಳಗಿನ ಚಿತ್ರ, ಇದೂ ಕ್ರಿಯೇಟಿವ್ ಕಾಮನ್ಸ್. ತನ್ನ ಪಾಡಿಗೆ ಇದ್ದ ದಪ್ಪ ಮೊಲಕ್ಕೆ ಮೂರು ಕಿಡಿಗೇಡಿ ಪ್ರಾಣಿಗಳು ಕಾಟ ಕೊಡುತ್ತವೆ, ಚಿಟ್ಟೆಯನ್ನು ಕೊಲ್ಲುತ್ತವೆ. ಮೊಲದ ಮುಖ ಬದಲಾಗುವ ಕಡೆ ನಿಲ್ಲಿಸಿ. ಅಲ್ಲಿಯವರೆಗೆ ನಡೆದದ್ದು ಪಾಸ್ಟ್ ಟೆನ್ಸಿಗೆ, ಮುಂದಿನದು ವಿಲ್‌ಗೆ. ಮುದ್ದು ಮೊಲ ನೋಡಿ ಇದು ಪುಟಾಣಿಗಳದ್ದು ಎಂದು ಮೊದಲ ನಿಮಿಷ ಗೊಣಗುವವರು ಸೇಡಿನ ಭಾಗಕ್ಕೆ ಬರುವಾಗ ಮುಂದಕ್ಕೆ ಬಾಗಿರುತ್ತಾರೆ.

ಹಳೆಯ ಮೂಕಿ ಚಿತ್ರಗಳನ್ನು ಇಂಗ್ಲಿಷ್ ಕ್ಲಾಸಿಗೆ ಯಾರೂ ಯೋಚಿಸುವುದಿಲ್ಲ. ಅವುಗಳಲ್ಲಿ ನಡುನಡುವೆ ಬರುವ ಬರಹದ ಫಲಕ ಚಿಕ್ಕದು, ಪರದೆಯ ಮೇಲೆ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಓದು ತಡವರಿಸುವ ಮಕ್ಕಳು ಎಲ್ಲರೊಂದಿಗೆ ಗಟ್ಟಿಯಾಗಿ ಓದಬಹುದು. ಚಾಪ್ಲಿನ್‌ನ "ದಿ ಕಿಡ್" (1921) ಚಿತ್ರದಲ್ಲಿ ಹುಡುಗ ಕಲ್ಲೆಸೆದು ಕಿಟಕಿ ಗಾಜು ಒಡೆಯುತ್ತಾನೆ, ಹಿಂದೆಯೇ ಗಾಜು ಕೂರಿಸುವವನಾಗಿ ಚಾಪ್ಲಿನ್ ಬರುತ್ತಾನೆ. ಯಾಕೆ ಒಡೆದ, ಪೊಲೀಸ್ ಏನು ಮಾಡುತ್ತಾನೆ, ಇದು ತಪ್ಪೇ ಅಲ್ಲವೇ? ಒಂದು ಪಿರಿಯಡ್ ಪೂರ್ತಿ ಇಲ್ಲೇ ಹೋಗುತ್ತದೆ.

ಮಾತಿರುವ ದೃಶ್ಯಕ್ಕೆ ಇಳಿಯುವಾಗ ಭಾರತೀಯ ಉಚ್ಚಾರದಿಂದ ಶುರು ಮಾಡಿ. ಶಂಕರ್ ನಾಗ್ ನಿರ್ದೇಶನದ "ಮಾಲ್ಗುಡಿ ಡೇಸ್" 1986ರಲ್ಲಿ ದೂರದರ್ಶನಕ್ಕೆ ಬಂದಾಗ ಹಿಂದಿಯ ಜೊತೆಗೆ ಕೆಲವು ಕಂತು ಇಂಗ್ಲಿಷಿನಲ್ಲೂ ತಯಾರಾಗಿದ್ದವು. ಚಿತ್ರೀಕರಣ ಹೆಚ್ಚಾಗಿ ಆಗುಂಬೆಯಲ್ಲಿ. ಹಂಚಿನ ಮನೆ, ಜಗಲಿ, ಶಾಲೆಯ ಬೆತ್ತ ಯಾವುದನ್ನೂ ವಿವರಿಸಬೇಕಿಲ್ಲ, ಮಕ್ಕಳ ಗಮನ ಮಾತಿಗೇ ಉಳಿಯುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಹಿಂದಿ ಕಂತೇ ಮೊದಲು ಸಿಗುತ್ತದೆ, ಹಾಕುವ ಮೊದಲು ಕೇಳಿ ನೋಡಿ. ಬ್ರಿಟಿಷ್ ಕೌಟುಂಬಿಕ ಚಿತ್ರಗಳು ಇದರ ನಂತರ. ಅಮೆರಿಕದ ಹೈಸ್ಕೂಲ್ ಕಥೆಗಳನ್ನು ಕಡೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಆಡುಮಾತು, ವೇಗ, ನಮ್ಮ ಮಕ್ಕಳಿಗೆ ತಲೆಬುಡ ತಿಳಿಯದ ಪ್ರಾಮ್, ಲಾಕರ್, ಡಿಟೆನ್ಶನ್ ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ.

ಮಕ್ಕಳು ಕನ್ನಡ ಡಬ್ಬಿಂಗಿನಲ್ಲಿ ಈಗಾಗಲೇ ನೋಡಿದ ಹಾಲಿವುಡ್ ಚಿತ್ರವೂ ಒಳ್ಳೆಯ ಆಯ್ಕೆ. ಕಥೆ ಗೊತ್ತಿರುವುದರಿಂದ ಕಿವಿಗೆ ಬಿಡುವು ಸಿಗುತ್ತದೆ, ಅವನು ಇಲ್ಲಿ ಇಂಗ್ಲಿಷಿನಲ್ಲಿ ಏನಂತಾನೆ ಎಂಬ ಕುತೂಹಲ ತಾನಾಗಿಯೇ ಹುಟ್ಟುತ್ತದೆ.

ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹೀಗೆ ಶಾಲೆಗೆ ಸಂಬಂಧಪಟ್ಟವರಿಗೆ ಮಾತ್ರ ಸಿನಿಮಾ ತೋರಿಸಲು ಅವಕಾಶ ಕೊಡುತ್ತದೆ. ಟಿಕೆಟ್ ಇಟ್ಟು ಊರವರನ್ನು ಕರೆದರೆ ಆ ರಕ್ಷಣೆ ಇಲ್ಲ. ನಮ್ಮಲ್ಲಿ ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯ ನಂತರ 60 ವರ್ಷ. ಒಟಿಟಿ ಚಂದಾ ಬೇರೆ ಕಥೆ. ಅವುಗಳ ಷರತ್ತು ಸಾಮಾನ್ಯವಾಗಿ ಮನೆಯಲ್ಲಿ ನೋಡಲು ಮಾತ್ರ ಒಪ್ಪುತ್ತದೆ. ಜೊತೆಗೆ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನೆಕ್ಟರ್ ಹಾಕಿದ ಹಳೆಯ ಪ್ರೊಜೆಕ್ಟರಿನಲ್ಲಿ ನಕಲು ತಡೆಯುವ ವ್ಯವಸ್ಥೆಯಿಂದಾಗಿ ಬರೀ ಕಪ್ಪು ಪರದೆ ಬಂದು ಸದ್ದು ಮಾತ್ರ ಕೇಳುವುದುಂಟು. ಕ್ಲಾಸಿನ ಮಧ್ಯೆ ಇದು ಗೊತ್ತಾಗುವುದಕ್ಕಿಂತ ಹಿಂದಿನ ದಿನವೇ ಗೊತ್ತಾಗಲಿ.

ಏನು ತೋರಿಸಬಾರದು

ಸರ್ಟಿಫಿಕೇಟ್ ನೋಡುವುದು ಮೊದಲ ಜರಡಿ, ಕೊನೆಯದಲ್ಲ. 2024ರ ನಿಯಮಗಳ ಪ್ರಕಾರ ಯುಎ ಎಂಬುದು ಈಗ 7+, 13+, 16+ ಎಂದು ಮೂರಾಗಿದೆ. ಎಂಟನೆಯ ತರಗತಿಗೆ ಯು ಅಥವಾ ಯುಎ 7+ ಸಾಕು. ಅಮೆರಿಕದ ಪಿಜಿ-13 ನೋಡಿ ಹದಿಮೂರು ದಾಟಿದವರಿಗೆ ಎಂದು ನಂಬಿ ಕೂರಬೇಡಿ. ಅತಿ ಕೆಟ್ಟ ಬೈಗುಳವೂ ಒಂದು ಸಲ ಆ ವರ್ಗದ ಚಿತ್ರದಲ್ಲಿ ಬರಬಹುದು, ಹುಡುಗರು ಇಡೀ ಸಿನಿಮಾದಲ್ಲಿ ನೆನಪಿಟ್ಟುಕೊಳ್ಳುವ ಇಂಗ್ಲಿಷ್ ಅದೊಂದೇ ಆಗುತ್ತದೆ.

ಸರ್ಟಿಫಿಕೇಟ್ ಹೇಳದ ಸಂಗತಿಗಳು ಇನ್ನೂ ಮುಖ್ಯ. ಮೈಬಣ್ಣ, ದಪ್ಪ, ತೊದಲು, ಬಡತನದ ಮೇಲೆ ಜೋಕು ಮಾಡಿದ ದೃಶ್ಯ ಹಾಕಿದರೆ ಆ ಜೋಕು ಮರುದಿನ ಕ್ಲಾಸಿನ ಒಬ್ಬ ಹುಡುಗ ಅಥವಾ ಹುಡುಗಿಯ ಅಡ್ಡಹೆಸರಾಗಿ ಬರುತ್ತದೆ. ಚುಂಬನದ ದೃಶ್ಯ ಅಶ್ಲೀಲ ಇರಲಿ ಇಲ್ಲದಿರಲಿ, ಹುಡುಗ ಹುಡುಗಿಯರು ಒಟ್ಟಿಗಿರುವ ಕೋಣೆಯಲ್ಲಿ ಐದು ನಿಮಿಷದ ಗದ್ದಲಕ್ಕೆ ಕಾರಣವಾಗುತ್ತದೆ, ಪಾಠ ಅಲ್ಲಿಗೆ ಮುಗಿಯುತ್ತದೆ. ಈಚೆಗೆ ಮನೆಯವರನ್ನು ಕಳೆದುಕೊಂಡ ಮಗು ಕ್ಲಾಸಿನಲ್ಲಿದ್ದರೆ ತಾಯಿಯೋ ತಂದೆಯೋ ಸಾಯುವ ದೃಶ್ಯವನ್ನು ಆ ತಿಂಗಳು ಬಿಡಿ. ಮಕ್ಕಳ ಅನಿಮೇಷನ್ ಚಿತ್ರಗಳಲ್ಲಿ ಇಂಥ ಸಾವು ಬಹಳ ಸಲ ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ. ಅದಕ್ಕೇ, ತೋರಿಸುವುದು ಮೂರು ನಿಮಿಷವಾದರೂ ಚಿತ್ರವನ್ನು ನೀವು ಪೂರ್ತಿ ನೋಡಿರಬೇಕು. ಪಾಠ ಇಷ್ಟವಾದ ಮಕ್ಕಳು ಸಂಜೆಯೇ ಮೊಬೈಲಿನಲ್ಲಿ ಉಳಿದದ್ದನ್ನು ಹುಡುಕುತ್ತಾರೆ, ಟೀಚರ್ ತೋರಿಸಿದ್ದು ಎಂದು ಮನೆಯಲ್ಲಿ ಹೇಳುತ್ತಾರೆ.

ಸಬ್‌ಟೈಟಲ್ ಯಾವಾಗ, ಯಾವ ಭಾಷೆ

ಕನ್ನಡ ಸಬ್‌ಟೈಟಲ್ ಹಾಕಿದರೆ ಕಣ್ಣು ಅದನ್ನೇ ಓದುತ್ತದೆ, ಇಂಗ್ಲಿಷ್ ಹಿನ್ನೆಲೆ ಸಂಗೀತವಾಗುತ್ತದೆ. ಕಥೆಯ ಹಿನ್ನೆಲೆ ಬೇಕಿದ್ದರೆ ಕನ್ನಡದಲ್ಲಿ ನೀವೇ ಎರಡು ವಾಕ್ಯ ಹೇಳಿ, ಅದೇ ಒಳ್ಳೆಯದು. ಇಂಗ್ಲಿಷ್ ಮಾತಿಗೆ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ನಿಜಕ್ಕೂ ಕೆಲಸ ಮಾಡುತ್ತದೆ. ಅದೇ ಭಾಷೆಯ ಸಬ್‌ಟೈಟಲ್ ಓದುವ ಅಭ್ಯಾಸ ಬೆಳೆಸುತ್ತದೆ ಎಂಬ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ ಸಿನಿಮಾ ಹಾಡಿಗೆ ಅದೇ ಭಾಷೆಯ ಸಾಲು ಹಾಕುವ ಪ್ರಯೋಗ ಶುರು ಮಾಡಿ ಅದನ್ನು ದೂರದರ್ಶನದ ಹಿಂದಿ ಹಾಡಿನ ಕಾರ್ಯಕ್ರಮ ಚಿತ್ರಹಾರ್‌ವರೆಗೆ ಒಯ್ದರು.

ಕ್ರಮ ಹೀಗಿರಲಿ: ಮೊದಲ ಸಲ ಸಬ್‌ಟೈಟಲ್ ಇಲ್ಲ, ಎರಡನೆಯ ಸಲ ಇಂಗ್ಲಿಷ್ ಸಬ್‌ಟೈಟಲ್, ಮೂರನೆಯ ಸಲ ಮತ್ತೆ ಇಲ್ಲ. ಮೊದಲ ಸಲವೇ ಹಾಕಿದರೆ ಓದು ಬಲ್ಲವರು ಉತ್ತರ ಕೂಗಿಬಿಡುತ್ತಾರೆ, ಉಳಿದವರು ಕೇಳುವುದನ್ನು ನಿಲ್ಲಿಸುತ್ತಾರೆ. ಯೂಟ್ಯೂಬಿನ ತಾನಾಗಿ ಮೂಡುವ ಸಬ್‌ಟೈಟಲನ್ನು ನಂಬುವ ಮೊದಲು ಒಮ್ಮೆ ಓದಿ ನೋಡಿ. ಭಾರತೀಯ ಹೆಸರು ಬಂದಲ್ಲೆಲ್ಲ ಅದು ಏನೇನೋ ಬರೆಯುತ್ತದೆ.

ವಿಎಲ್‌ಸಿ ಪ್ಲೇಯರಿನಲ್ಲಿ ವೀಡಿಯೊ ಫೈಲಿನ ಹೆಸರನ್ನೇ ಎಸ್‌ಆರ್‌ಟಿ ಫೈಲಿಗೂ ಕೊಟ್ಟು ಒಂದೇ ಫೋಲ್ಡರಿನಲ್ಲಿಟ್ಟರೆ ತಾನಾಗಿ ಹಿಡಿದುಕೊಳ್ಳುತ್ತದೆ. ವಿ ಕೀ ಒತ್ತಿದರೆ ಸಬ್‌ಟೈಟಲ್ ಬದಲಾಗುತ್ತದೆ ಅಥವಾ ಹೋಗುತ್ತದೆ. ಮಾತಿಗೂ ಸಾಲಿಗೂ ಹೊಂದಾಣಿಕೆ ತಪ್ಪಿದರೆ ಜಿ, ಎಚ್ ಕೀಗಳು ಹಿಂದೆ ಮುಂದೆ ಸರಿಸುತ್ತವೆ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಕಂಟ್ರೋಲ್ಸ್ ಆನ್ ಮಾಡಿದರೆ ಎ–ಬಿ ಗುಂಡಿ ಬರುತ್ತದೆ, ಎರಡು ಬಿಂದು ಗುರುತಿಸಿದರೆ ಅಷ್ಟೇ ಭಾಗ ಮತ್ತೆ ಮತ್ತೆ ಓಡುತ್ತದೆ. ಹತ್ತು ಸೆಕೆಂಡಿನ ಮಾತನ್ನು ನಾಲ್ಕು ಸಲ ಕೇಳಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ವೇಗವನ್ನು 0.85ರವರೆಗೆ ಇಳಿಸಬಹುದು. ಅದಕ್ಕೂ ಕೆಳಗೆ ಇಳಿಸಿದರೆ ಮಾತು ಎಳೆದಂತೆ ಕೇಳಿ ಮಕ್ಕಳು ನಗಲು ಶುರು ಮಾಡುತ್ತಾರೆ.

40 ನಿಮಿಷದ ಹಂಚಿಕೆ

ಮೊದಲ 5 ನಿಮಿಷ ಒಂದು ಸ್ಥಿರಚಿತ್ರ ಪರದೆಯ ಮೇಲಿಟ್ಟು ಯಾರಿವರು, ಏನಾಗಿರಬಹುದು ಎಂದು ಊಹಿಸಲು ಬಿಡಿ, ಎರಡು ಮೂರು ಪದ ಕೊಡಿ. ನೋಡುವ ಮೊದಲು ಒಂದೇ ಪ್ರಶ್ನೆ ಬೋರ್ಡಿನ ಮೇಲೆ ಬರೆಯಿರಿ, ಹತ್ತು ಬೇಡ. ಹತ್ತು ಪ್ರಶ್ನೆ ಬರೆದರೆ ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಪರದೆ ನೋಡುವವರಿಲ್ಲ. ಮೊದಲ ಸಲ ನೋಡಿ, ಪಕ್ಕದವರ ಹತ್ತಿರ ಮಾತಾಡಿ, ಉತ್ತರಕ್ಕೆ ಬರುವಷ್ಟರಲ್ಲಿ ಇನ್ನೊಂದು 8 ನಿಮಿಷ. ಎರಡನೆಯ ಸಲ ಸಬ್‌ಟೈಟಲ್ ಜೊತೆ, ನಡುವೆ ಮೂರು ಕಡೆ ನಿಲ್ಲಿಸಿ, 10 ನಿಮಿಷ. ಉಳಿದ 17 ನಿಮಿಷ ಮಕ್ಕಳದ್ದು: ಸಂಭಾಷಣೆ ಆಡಿ ತೋರಿಸುವುದು, ಮುಂದಿನ ದೃಶ್ಯ ಬರೆಯುವುದು, ಸದ್ದು ಬಂದ್ ಮಾಡಿದ ಚಿತ್ರಕ್ಕೆ ತಮ್ಮ ಧ್ವನಿ ಕೊಡುವುದು. ಮೂರನೆಯ ಸಲ ನೋಡುವುದೂ ಇದರಲ್ಲೇ ಬರಲಿ. ಈ ಕೊನೆಯ ಭಾಗಕ್ಕೆ ಹತ್ತು ನಿಮಿಷಕ್ಕಿಂತ ಕಡಿಮೆ ಉಳಿದರೆ ದೃಶ್ಯ ಉದ್ದವಾಯಿತು ಎಂದರ್ಥ.

ಕೋಣೆಯನ್ನು ಪೂರ್ತಿ ಕತ್ತಲೆ ಮಾಡಬೇಡಿ, ಬರೆಯಲು ಬೆಳಕು ಬೇಕು. ಲ್ಯಾಪ್‌ಟಾಪಿನ ಸ್ಪೀಕರ್ ಮೂರನೆಯ ಬೆಂಚು ದಾಟುವುದಿಲ್ಲ. ಬ್ಲೂಟೂತ್ ಸ್ಪೀಕರಿನಲ್ಲಿ ತುಟಿಗಿಂತ ಮಾತು ಹಿಂದೆ ಬಿದ್ದರೆ 3.5 ಎಂಎಂ ಕೇಬಲ್ ಹಾಕಿ, ಸರಿಹೋಗುತ್ತದೆ. ಸ್ಪೀಕರನ್ನು ಟೀಚರ್ ಟೇಬಲಿನ ಮೇಲಲ್ಲ, ಕೋಣೆಯ ನಡುವೆ ಎತ್ತರದಲ್ಲಿಡಿ. ತಗಡಿನ ಮಾಡಿನ ಕೋಣೆಯಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಮಾತಿಲ್ಲದ ಚಿತ್ರಗಳನ್ನೇ ಇಟ್ಟುಕೊಳ್ಳುವುದು ಜಾಣತನ. ವೀಡಿಯೊ ಪೆನ್‌ಡ್ರೈವಿನಲ್ಲೂ ಇರಲಿ. ಕರೆಂಟು ಹೋದರೆಂದು ಸಂಭಾಷಣೆಯ ಹತ್ತು ಪ್ರಿಂಟ್ ಕೈಯಲ್ಲಿರಲಿ, ಮೊದಲ ನೋಟ ಮುಗಿದಿದ್ದರೆ ಉಳಿದ ಪಾಠ ಅದರಲ್ಲೇ ನಡೆಯುತ್ತದೆ.

ಮಕ್ಕಳೇ ಆರಿಸಲಿ, ಷರತ್ತಿನ ಮೇಲೆ

ಮೂರು ನಾಲ್ಕು ದೃಶ್ಯ ನೀವು ತೋರಿಸಿದ ಮೇಲೆ ಮುಂದಿನದನ್ನು ಮಕ್ಕಳು ಸೂಚಿಸಲಿ. ಬರೀ "ಯಾವ ಸಿನಿಮಾ ಬೇಕು" ಎಂದು ಕೇಳಿದರೆ ಫೈಟಿಂಗ್ ಚಿತ್ರವೊಂದರ ಹೆಸರು ಒಕ್ಕೊರಲಿನಿಂದ ಬರುತ್ತದೆ, ಹುಡುಗಿಯರ ದನಿ ಅದರಲ್ಲಿ ಮುಳುಗುತ್ತದೆ. ಚೀಟಿ ಕೊಡಿ. ಚಿತ್ರದ ಹೆಸರು, ಎಷ್ಟನೆಯ ನಿಮಿಷದಿಂದ ಎಷ್ಟರವರೆಗೆ, ಆ ದೃಶ್ಯದಲ್ಲಿ ಕೇಳಿಸಿದ ಒಂದು ಇಂಗ್ಲಿಷ್ ವಾಕ್ಯ, ಕ್ಲಾಸಿಗೆ ಕೇಳಬಹುದಾದ ಒಂದು ಪ್ರಶ್ನೆ. ಇಷ್ಟು ತುಂಬಿದ ಚೀಟಿ ಮಾತ್ರ ಲೆಕ್ಕಕ್ಕೆ. ಆ ಒಂದು ವಾಕ್ಯಕ್ಕಾಗಿ ಮನೆಯಲ್ಲಿ ಅದೇ ದೃಶ್ಯವನ್ನು ನಾಲ್ಕೈದು ಸಲ ಹಿಂದಕ್ಕೆ ಓಡಿಸಿ ಕೇಳಿರುತ್ತಾರೆ, ಕ್ಲಾಸಿನಲ್ಲಿ ಅದು ಆರಿಸಿ ಬರಲಿ ಬರದಿರಲಿ. ಮನೆಯಲ್ಲಿ ಫೋನ್ ಇಲ್ಲದ ಮಕ್ಕಳನ್ನು ಇರುವವರ ಜೊತೆ ಜೋಡಿ ಮಾಡಿ ಚೀಟಿ ತುಂಬಿಸಿ.

ಬಂದ ಚೀಟಿಯ ದೃಶ್ಯವನ್ನೂ ಅದೇ ಮ್ಯೂಟ್ ಪರೀಕ್ಷೆ, ಅದೇ ಎಣಿಕೆಗೆ ಹಾಕಿ. ತಿರಸ್ಕರಿಸಿದರೆ ಕಾರಣ ಹೇಳಿ: ನಿಮಿಷಕ್ಕೆ 170 ಪದ, ಅಥವಾ ಮಾತೇ ಕಥೆಗೆ ಬೇಕಿಲ್ಲ. ಎರಡು ತಿಂಗಳಲ್ಲಿ ಚೀಟಿಗಳ ಗುಣ ತಾನಾಗಿ ಏರುತ್ತದೆ.

ಇಡೀ ಸಿನಿಮಾ ತೋರಿಸಲೇಬೇಕು ಎಂಬ ಆಸೆ ಇದ್ದರೆ ವರ್ಷಕ್ಕೊಂದು, ಅದೂ ಹತ್ತನೆಯವರಿಗೆ, 90 ನಿಮಿಷದೊಳಗಿನದು. ನಾಲ್ಕು ಭಾಗ ಮಾಡಿ ನಾಲ್ಕು ವಾರ ತೋರಿಸಿ. ಭಾಗ ಮಾಡುವಾಗ ಗಡಿಯಾರ ನೋಡಿ ಕತ್ತರಿಸಬೇಡಿ, ಯಾರೋ ಬಾಗಿಲು ತೆಗೆಯುವ ಕಡೆ, ಕಾಗದ ಓದಲು ಹೊರಡುವ ಕಡೆ ನಿಲ್ಲಿಸಿ. ಮುಂದಿನ ವಾರ ಶುರು ಮಾಡುವ ಮೊದಲು ಹಿಂದಿನ ವಾರ ಗೈರಾಗಿದ್ದವರಿಗೆ ಕಥೆ ಹೇಳುವ ಕೆಲಸ ಉಳಿದ ಮಕ್ಕಳದ್ದು, ಇಂಗ್ಲಿಷಿನಲ್ಲಿ, ಒಬ್ಬೊಬ್ಬರು ಒಂದೊಂದು ವಾಕ್ಯ.